ಕಪ್ಪೆ ಕೂಗಿದ ಮಧ್ಯಾಹ್ನ

ನಾನು ಹೆಣೆಯುತ್ತಿದ್ದ ನೀಲಿ ಶಾಲಿನ ಉದ್ದಕ್ಕೂ ಎಲೆಗಳ ಡಿಸೈನ್ ಬರಬೇಕಿತ್ತು. ಎಡಗಡೆಯ ಎಲೆಗಳು ಸರಿಯಾಗಿಯೇ ಇದ್ದವು. ಬಲಗಡೆಯವು ಮಾತ್ರ ಯಾರೋ ಕರೆದ ಹಾಗೆ ಪಕ್ಕಕ್ಕೆ ತಿರುಗಿದ್ದವು. ಕಡ್ಡಿಯ ಮೇಲಿನ ಕುಣಿಕೆಗಳನ್ನು ಎಣಿಸಿದೆ. 281 ಇರಬೇಕು, 280 ಇದ್ದವು. ಮತ್ತೆ ಎಣಿಸಿದೆ, 280. ಮೂರನೇ ಸಲ 279 ಬಂದಾಗ ಶಾಲನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತೆ.

ಹೆಣಿಗೆಯವರ ಆ ಗುಂಪಿಗೆ ನಾನು ಹೊಸಬಳು. ಅಲ್ಲಿಯವರೆಗೂ ಒಬ್ಬಳೇ ಕೂತು ಹೆಣೆದವಳು. ಉಲ್ಲನ್, ಕಡ್ಡಿ, ಸೀದಾ, ಉಲ್ಟಾ, ಇಷ್ಟಕ್ಕೇ ನನ್ನ ಶಬ್ದಕೋಶ ಮುಗಿಯುತ್ತಿತ್ತು. ತಪ್ಪಿಗೆ ಹೆಸರಿರಲಿಲ್ಲ, ಬೈಗುಳ ಮಾತ್ರ ಇತ್ತು.

ಪಕ್ಕದಲ್ಲಿದ್ದ ಅಕ್ಕ ಒಬ್ಬರು ಶಾಲನ್ನು ಕೈಗೆತ್ತಿಕೊಂಡು ಉಗುರಿನ ತುದಿಯಲ್ಲಿ ಒಂದೊಂದೇ ಸಾಲು ಇಳಿಯುತ್ತ ಹೋದರು. 24 ಸಾಲು ಕೆಳಗೆ ಬೆರಳು ನಿಂತಿತು. ತೂತು ಬೀಳಲೆಂದು ಕಡ್ಡಿಯ ಮೇಲೆ ನೂಲನ್ನು ಹಾಯಿಸುತ್ತೇವಲ್ಲ, ಆ ಯಾರ್ನ್ ಓವರ್ ಒಂದನ್ನು ಅಲ್ಲಿ ಮರೆತಿದ್ದೆ.

“ಟಿಂಕ್ ಮಾಡ್ತಾ ಕೂತ್ರೆ ಮುಗಿಯಲ್ಲ. ಫ್ರಾಗ್ ಮಾಡ್ಬಿಡಿ.”

ನನಗೆ ಎರಡೂ ಅರ್ಥವಾಗಲಿಲ್ಲ. ಇಂಗ್ಲಿಷಿನ ನಿಟ್ ಪದದ ನಾಲ್ಕು ಅಕ್ಷರಗಳನ್ನು ಹಿಂದಿನಿಂದ ಓದಿದರೆ ಟಿಂಕ್. ಮುಂದಿನಿಂದ ಓದುವಾಗ ಬಾಯಿ ಬಿಡದ ಕೆ ತಿರುಗಿಸಿದಾಗ ಮಾತಾಡುತ್ತದೆ. ಹೆಣೆದ ಕುಣಿಕೆಗಳನ್ನು ಒಂದೊಂದಾಗಿ ಹಿಂದಕ್ಕೆ ಬಿಡಿಸುವುದೇ ಟಿಂಕ್. ಸರಾಸರಿ 257 ಕುಣಿಕೆಯಂತೆ 24 ಸಾಲು ಅಂದರೆ ಆರು ಸಾವಿರಕ್ಕೂ ಹೆಚ್ಚು. ಸರಿ, ಫ್ರಾಗ್ ಯಾಕೆ? ಕಡ್ಡಿ ತೆಗೆದು ಸರಸರನೆ ಎಳೆದು ಬಿಚ್ಚುವುದಕ್ಕೆ ಇಂಗ್ಲಿಷಿನಲ್ಲಿ ‘ರಿಪ್ ಇಟ್, ರಿಪ್ ಇಟ್’ ಅನ್ನುತ್ತಾರೆ. ಅವರ ಕಪ್ಪೆಗಳು ಕೂಗುವುದೂ ‘ರಿಬ್ಬಿಟ್ ರಿಬ್ಬಿಟ್’.

“ನಮ್ಮ ಕಪ್ಪೆ ವಟವಟ ಅನ್ನುತ್ತಲ್ಲ?” ಅಂದೆ.

ಗುಂಪು ಒಂದು ಕ್ಷಣ ಕಡ್ಡಿ ನಿಲ್ಲಿಸಿತು. ಇಷ್ಟು ವರ್ಷ ಈ ಪದ ಬಳಸಿದವರಿಗೂ ಅದು ಹೊಳೆದಿರಲಿಲ್ಲವಂತೆ. ‘ಹೆಣೆ’ಯನ್ನು ತಿರುಗಿಸಿದರೆ ‘ಣೆಹೆ’, ಅದೂ ನಡೆಯಲ್ಲ, ಅಂತ ಇನ್ನೊಬ್ಬರು ಸೇರಿಸಿದರು. ಕೊನೆಗೆ ಫ್ರಾಗ್ ಮಾಡುವುದಕ್ಕೆ ‘ವಟಗುಟ್ಟಿಸು’ ಅಂತ ಠರಾವಾಯಿತು. ಟಿಂಕ್ ಟಿಂಕ್ ಆಗಿಯೇ ಉಳಿಯಿತು.

ವಟಗುಟ್ಟಿಸುವ ಮುಂಚೆ ಲೈಫ್‌ಲೈನ್ ಹಾಕಬೇಕು ಅಂದರು ಅಕ್ಕ. ಮೊಂಡು ಸೂಜಿಗೆ ನುಣುಪಾದ ಹಳದಿ ಹತ್ತಿ ದಾರ ಪೋಣಿಸಿ ಕೊಟ್ಟರು. ತಪ್ಪಿದ ಸಾಲಿಗಿಂತ ಸ್ವಲ್ಪ ಕೆಳಗಿನ ಸಾಲಿನಲ್ಲಿ, ಪ್ರತಿ ಕುಣಿಕೆಯ ಬಲಗಾಲಿನ ಅಡಿಯಿಂದ ಆ ದಾರ ಹಾಯಬೇಕು. ನೀಲಿ ನೂಲಿನ ನಡುವೆ ಹಳದಿ ಗೆರೆ ಅಂಗುಲ ಅಂಗುಲವಾಗಿ ಮುಂದೆ ಹೋಯಿತು. ಅದಕ್ಕೇ ಮುಕ್ಕಾಲು ಗಂಟೆ. ಆಮೇಲೆ ಕಡ್ಡಿ ಎಳೆದೆ. ಆ ಕ್ಷಣಕ್ಕೆ ಹೊಟ್ಟೆಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಹೆಣಿಗೆಯವರು ಇನ್ನೂ ಪದ ಹುಟ್ಟಿಸಿಲ್ಲ.

ನೂಲು ಎಳೆದಂತೆಲ್ಲ ಪರ್ ಪರ್ ಎಂದು ಸಾಲುಗಳು ಬಿಚ್ಚಿಕೊಂಡವು. ಬಿಚ್ಚಿದ ನೂಲು ಗುಂಗುರು ಕೂದಲಿನ ಹಾಗೆ ಸುರುಳಿ ಸುರುಳಿಯಾಗಿ ಮಡಿಲಲ್ಲಿ ಬಿತ್ತು. ಸುತ್ತಲಿನವರು ಒಂದೇ ದನಿಯಲ್ಲಿ “ವಟ ವಟ ವಟ” ಅನ್ನುತ್ತಿದ್ದರು. ಹಳದಿ ದಾರ ಬಂದಲ್ಲಿ ಎಲ್ಲ ನಿಂತಿತು. ಒಂದು ಕುಣಿಕೆಯೂ ಜಾರಿರಲಿಲ್ಲ.

ಮನೆಯಲ್ಲಿ ಇದನ್ನೇ ಮಾಡಿದ್ದರೆ ಅತ್ತುಬಿಡುತ್ತಿದ್ದೆ. ಇಲ್ಲಾಂದರೆ ಶಾಲನ್ನು ಚೀಲಕ್ಕೆ ತುರುಕಿ ಯುಎಫ್‌ಓ ಮಾಡುತ್ತಿದ್ದೆ. ಹಾರುವ ತಟ್ಟೆ ಅಲ್ಲ, ‘ಮುಗಿಯದೇ ಉಳಿದ ವಸ್ತು’ ಅನ್ನುವುದರ ಇಂಗ್ಲಿಷ್ ಮೊದಲಕ್ಷರಗಳು. ನನ್ನ ಬೀರುವಿನಲ್ಲಿ ಅಂಥವು ಮೂರಿದ್ದವು, ಹೆಸರು ಅವತ್ತು ಸಿಕ್ಕಿತು.

ನೂಲನ್ನು ಮತ್ತೆ ಉಂಡೆ ಸುತ್ತುವಾಗ ಮಾತು ಬೇರೆ ಕಡೆ ಹರಿಯಿತು. ಎದುರಿಗಿದ್ದವರು ಕಾರ್ಡಿಗನ್, ಅಂದರೆ ಮುಂದೆ ಗುಂಡಿ ಹಾಕುವ ಸ್ವೆಟರ್, ಹೆಣೆಯುತ್ತಿದ್ದರು. ಅದಕ್ಕೆ ಕತ್ತಿನಿಂದ ಕಂಕುಳಿಗೆ ಓರೆಯಾಗಿ ಇಳಿಯುವ ರಗ್ಲಾನ್ ತೋಳು. ರಗ್ಲಾನ್, ಕಾರ್ಡಿಗನ್ ಇಬ್ಬರೂ ಕ್ರಿಮಿಯಾ ಯುದ್ಧದ ಬ್ರಿಟಿಷ್ ಸೇನಾಧಿಕಾರಿಗಳು. ಮುಖ ಮುಚ್ಚುವ ಬಾಲಾಕ್ಲಾವಾ ಟೋಪಿಗೆ ಹೆಸರು ಕೊಟ್ಟ ಊರಿನಲ್ಲೇ 1854ರಲ್ಲಿ ಕದನ ನಡೆದದ್ದು. ಯುದ್ಧ ಮಾಡಿದವರು ಹೋದರು, ತೋಳು-ಟೋಪಿ ಉಳಿದವು, ಅಂದರು ಅವರು. ಹಾಗೆ ಅನ್ನುವಷ್ಟರಲ್ಲೇ ಹಗ್ಗದ ಹಾಗೆ ಹೊಸೆದ ಡಿಸೈನಿನ ಒಂದು ಕೇಬಲ್ ತಪ್ಪು ದಿಕ್ಕಿಗೆ ತಿರುಚಿದ್ದು ಕಂಡಿತು. ಒಮ್ಮೆ ದುರುಗುಟ್ಟಿ ನೋಡಿ “ಡಿಸೈನ್ ಫೀಚರ್” ಎಂದು ಮುಂದಿನ ಸಾಲಿಗೆ ಹೋದರು. ತಿದ್ದುವ ಮನಸ್ಸಿಲ್ಲದ ತಪ್ಪಿಗೆ ಆ ಹೆಸರು. ನನ್ನ ಆರು ಸಾವಿರ ಕುಣಿಕೆ ಹೋದ ಮೇಲೆ ಇದನ್ನು ಹೇಳಿಕೊಡಬೇಕಿತ್ತೇ!

ಮೂರು ವಾರದ ನಂತರ ಶಾಲು ಕೊನೆಗೆ ಬಂತು. ಈ ತ್ರಿಕೋನ ಶಾಲುಗಳ ಸಮಸ್ಯೆ ಅದೇ, ಸಾಲು ಸಾಲಿಗೂ ಅಗಲ ಹೆಚ್ಚುತ್ತ ಹೋಗುತ್ತದೆ. ಶುರುವಿನಲ್ಲಿ ಎರಡು ನಿಮಿಷದ ಸಾಲು ಕೊನೆಯಲ್ಲಿ ಅರ್ಧ ಗಂಟೆ ತಿನ್ನುತ್ತದೆ, ನೂಲನ್ನೂ ಹಾಗೇ ತಿನ್ನುತ್ತದೆ. ಅಂಚು ಮುಚ್ಚಲು ಶಾಲಿನ ಅಗಲದ ಮೂರು ಪಟ್ಟಾದರೂ ನೂಲು ಉಳಿಸಿಕೊಳ್ಳಿ ಅಂದಿದ್ದರು. ನನ್ನ ಹತ್ತಿರ ಅಷ್ಟು ಇತ್ತೋ ಇಲ್ಲವೋ. ಒಂದು ಸಾಲು ಬಿಚ್ಚಿ ಬೇಗ ಮುಗಿಸಬಹುದಿತ್ತು, ಬಿಚ್ಚಲಿಲ್ಲ.

“ಯಾರ್ನ್ ಚಿಕನ್ ಆಡ್ತಿದೀರ,” ಅಂದರು ಅಕ್ಕ. ಎರಡು ಕಾರು ಎದುರಾ ಎದುರು ನುಗ್ಗಿ ಬಂದಾಗ ಮೊದಲು ಪಕ್ಕಕ್ಕೆ ಸರಿದವನು ಪುಕ್ಕಲ, ಇಂಗ್ಲಿಷಿನಲ್ಲಿ ಚಿಕನ್, ಆ ಆಟ. ಇಲ್ಲಿ ಒಂದು ಕಡೆ ನಾನು, ಇನ್ನೊಂದು ಕಡೆ ನೂಲಿನ ಉಂಡೆ. ಬೇಗ ಬೇಗ ಹೆಣೆದರೆ ನೂಲು ಕಮ್ಮಿ ಖರ್ಚಾಗುತ್ತದೆ ಎಂಬ ಹಾಗೆ ಕೈ ಓಡಿಸಿದೆ. ಉಂಡೆ ಹೋಗಿ ದಾರವಾಯಿತು, ದಾರ ಹೋಗಿ ಬಾಲವಾಯಿತು. ಒಂಬತ್ತು ಕುಣಿಕೆ ಉಳಿದಿರುವಾಗ ಬಾಲವೂ ಮುಗಿಯಿತು.

ಚೀಲದ ತಳದಲ್ಲಿ ಆ ಹಳದಿ ಹತ್ತಿ ದಾರ ಹಾಗೇ ಬಿದ್ದಿತ್ತು. ಒಂಬತ್ತನ್ನೂ ಅದರಲ್ಲೇ ಮುಚ್ಚಿದೆ. ಅಕ್ಕ ನೀಲಿ ಶಾಲಿನ ಆ ಮೂಲೆಯನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದರು.

“ಡಿಸೈನ್ ಫೀಚರ್,” ಅಂದೆ.