ಮುಗುಳ್ನಗೆಯೊಳಗಿನ ಮೊಗ್ಗು

ಹೊಟ್ಟೆ ಹುಣ್ಣಾಗುವಷ್ಟು ನಕ್ಕರೂ ಕನ್ನಡದಲ್ಲಿ ಅದು ನಗು, ತುಟಿ ಸ್ವಲ್ಪ ಅರಳಿದರೂ ನಗುವೇ. ಎರಡಕ್ಕೂ ಒಂದೇ ಕ್ರಿಯಾಪದ. ಬೇರೆ ಮಾಡಿ ಹೇಳಬೇಕು ಅನ್ನಿಸಿದಾಗ ನಮ್ಮವರು ನಗೆಯ ಮುಂದೆ ಒಂದು ಮೊಗ್ಗು ಇಟ್ಟು ‘ಮುಗುಳ್ನಗೆ’ ಅಂದರು. ಮುಗುಳು ಅಂದರೆ ಮೊಗ್ಗು, ಎರಡೂ ಒಂದೇ ಬಳಗದ ಪದಗಳು. ನನಗಂತೂ ಇದು ಕನ್ನಡದ ಅತಿ ಚೆಂದದ ಜೋಡುಪದ.

ಸಂಜೆ ಹೂವಿನ ಅಂಗಡಿ ಮುಂದೆ ನಿಂತು ನೋಡಿ. ಪೂರ್ತಿ ಅರಳಿದ ಮಲ್ಲಿಗೆ ಯಾರಿಗೂ ಬೇಡ. ಬಿಗಿಯಾಗಿರಬೇಕು, ತುದಿ ಮಾತ್ರ ಇಷ್ಟೇ ಇಷ್ಟು ಸಡಿಲವಾಗಿರಬೇಕು, ಮುಡಿದ ಮೇಲೆ ರಾತ್ರಿ ತಾನಾಗಿಯೇ ಬಿರಿಯಬೇಕು. ಮುಗುಳ್ನಗೆಯೂ ಹಾಗೇ ಅಲ್ವಾ? ತುಟಿಯಂಚು ಮೇಲೆದ್ದಿದೆ, ಹಲ್ಲು ಇನ್ನೂ ಕಂಡಿಲ್ಲ, ಪೂರ್ತಿ ನಗು ಬಂದರೂ ಬಂತು, ಬರದಿದ್ದರೂ ಸರಿ. ಕಿರುನಗೆ, ಮಂದಹಾಸ ಅಂದಾಗ ನಗು ಎಷ್ಟಿದೆ ಅಂತ ಗೊತ್ತಾಗುತ್ತೆ ಅಷ್ಟೇ, ಈ ಅರಳುವಿಕೆ ಅಲ್ಲಿಲ್ಲ.

ನಡುವಿನ ಆ ‘ಳ್’ ಕೂಡ ಹಳೆಯದು. ಹಳಗನ್ನಡದಲ್ಲಿ ಕಣ್, ಪಾಲ್, ಮುಗುಳ್ ಅಂತ ಪದಗಳು ವ್ಯಂಜನಕ್ಕೇ ಮುಗಿಯುತ್ತಿದ್ದವು. ಆಮೇಲೆ ‘ಉ’ ಸೇರಿ ಕಣ್ಣು, ಹಾಲು, ಮುಗುಳು ಆದವು. ಮುಗುಳುನಗೆ ಅಂತ ಬರೆದರೂ ತಪ್ಪಿಲ್ಲ, ಆದರೆ ಮುಗುಳ್ನಗೆಯಲ್ಲಿ ಆ ಹಳೇ ರೂಪ ಹಾಗೇ ಉಳಿದಿದೆ.

ಇನ್ನು ‘ನಗು’. ಸಿಗು-ಸಿಕ್ಕ, ಹೊಗು-ಹೊಕ್ಕ, ಮಿಗು-ಮಿಕ್ಕ ಇದ್ದ ಹಾಗೆ ನಗು-ನಕ್ಕ. ಅಚ್ಚ ದ್ರಾವಿಡ ಪದ. ತೆಲುಗಿನ ನವ್ವು, ತಮಿಳಿನ ನಗೈ ಇದರ ನೆಂಟರು. ಭಾಷಾ ವಿದ್ವಾಂಸರಾದ ಬರೋ ಮತ್ತು ಎಮೆನೋ 1961ರಲ್ಲಿ ತಂದ ದ್ರಾವಿಡ ಪದಮೂಲ ಕೋಶದಲ್ಲಿ ಇವೆಲ್ಲ ಒಂದೇ ಕಡೆ ಸಿಗುತ್ತವೆ. ತಮಿಳಿನಲ್ಲಿ ‘ನಗು’ ಅಂದರೆ ನಗುವುದಷ್ಟೇ ಅಲ್ಲ, ಹೂ ಅರಳುವುದು, ಹೊಳೆಯುವುದು ಕೂಡ. ಚೆನ್ನೈನಲ್ಲಿ ಒಡವೆ ಅಂಗಡಿಯ ಬೋರ್ಡಿನ ಮೇಲೆ ‘ನಗೈ’ ಅಂತ ಇರುತ್ತೆ, ಅಲ್ಲಿ ಒಡವೆಗೂ ಅದೇ ಮಾತು. ಅಂದರೆ ಮುಗುಳ್ನಗೆಯಲ್ಲಿ ಹೂವು ಮೊದಲರ್ಧದಲ್ಲಿ ಮಾತ್ರ ಇಲ್ಲ, ನಗೆಯ ಬೇರಿನ ಹತ್ತಿರವೂ ಇದೆ. ಇದು ಗೊತ್ತಾದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಮಾತಾಡುವಾಗ ನಾವು ಈ ಪದ ಜಾಸ್ತಿ ಬಳಸಲ್ಲ, ‘ಸಣ್ಣಗೆ ನಕ್ಕ’ ಅಂತೀವಿ, ಫೋಟೋ ತೆಗೆಯುವವರು ‘ಸ್ಮೈಲ್ ಮಾಡಿ’ ಅಂತಾರೆ. ಬರವಣಿಗೆಯಲ್ಲಿ ಮಾತ್ರ ಎಲ್ಲರೂ ‘ಮುಗುಳ್ನಗೆ ಬೀರಿದರು’. ಸಂಕ್ರಾಂತಿಗೆ ಎಳ್ಳು ಬೀರುತ್ತೀವಿ, ಸರಿ. ಮೊಗ್ಗನ್ನು ಯಾಕೆ ಬೀರಬೇಕು? ‘ಮುಗುಳ್ನಕ್ಕಳು’ ಅಂತ ಸುಮ್ನೆ ಒಂದೇ ಪದದಲ್ಲಿ ಬರೆಯಿರಿ, ಸಾಕು.