ಅತ್ತೆಗೆ ಕೇಳಿದ ಸದ್ದು

"ಇದರ ಮೇಲೆ ಯಾರಾದ್ರೂ ಓಡಾಡ್ತಿದ್ರಾ?"

ಮೇಸ್ತ್ರಿ ಹೀಗೆ ಕೇಳುವಾಗ ಅವರ ಬಲಗೈ ಭುಜದವರೆಗೂ ನಮ್ಮ ಮೆಟ್ಟಿಲಿನ ಒಳಗಿತ್ತು. ಮೊನ್ನೆ ಮಂಗಳವಾರ ಬೆಳಗ್ಗೆ. ಮೂರನೇ ಮೆಟ್ಟಿಲಿಗೆ ನಾಲ್ಕು ಏಟು ಬಿದ್ದಿತ್ತೋ ಇಲ್ಲವೋ, ಕಾಂಕ್ರೀಟ್ ಚಿಪ್ಪಿನ ಹಾಗೆ ಒಳಕ್ಕೆ ಕುಸಿಯಿತು. ಒಳಗೆ ಮಣ್ಣಿಲ್ಲ, ಕಲ್ಲಿಲ್ಲ. ಒಂದಷ್ಟು ಬೇರು, ತಣ್ಣನೆ ಗಾಳಿ, ಒಂದು ಕಪ್ಪೆ.

ಯಾರಾದ್ರೂ ಏನು, ನಾವೆಲ್ಲರೂ ಓಡಾಡುತ್ತಿದ್ದೆವು. ಗ್ಯಾಸ್ ಸಿಲಿಂಡರ್ ಹೊತ್ತು ತರುವ ಹುಡುಗ, ಕಾಫಿ ಮೂಟೆ ಇಳಿಸುವವರು, ಊರುಗೋಲು ಹಿಡಿದು ದಿನಕ್ಕೆ ಎರಡು ಸಲ ಹತ್ತಿ ಇಳಿಯುವ ನಮ್ಮ ಅತ್ತೆ. ಆದರೂ ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ನಮ್ಮ ಮನೆಯವರು ಮೊಬೈಲ್ ತೆಗೆದು ಏನೋ ಬಹಳ ಮುಖ್ಯವಾದದ್ದು ಬಂದ ಹಾಗೆ ನೋಡತೊಡಗಿದರು. ಜಗಲಿಯಲ್ಲಿ ಕೂತಿದ್ದ ಅತ್ತೆ ಮಾತ್ರ, "ಹಣ್ಣಾಗಿದೆ ಅಂತ ನಾನು ಆವತ್ತೇ ಹೇಳಿದ್ನಲ್ಲ" ಅಂದರು.

ಹೌದು, ಹೇಳಿದ್ದರು. ಒಂದು ಸಲ ಅಲ್ಲ.

ಅತ್ತೆಗೆ ಈಗ 78. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಕೂಗಬೇಕು. ಆದರೆ ಹಲಸಿನಕಾಯಿಯ ವಿಷಯದಲ್ಲಿ ನಮ್ಮ ಸುತ್ತಮುತ್ತ ಅವರ ಮಾತೇ ಕೊನೆ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾರೆ, "ನಾಡಿದ್ದು ಕೊಯ್ಯಿರಿ" ಅನ್ನುತ್ತಾರೆ, ನಾಡಿದ್ದಿಗೆ ಸರಿಯಾಗಿ ಹಣ್ಣಾಗಿರುತ್ತದೆ. ಸದ್ದು ಕೇಳಿಸಲ್ಲ, ಕೈಗೆ ಗೊತ್ತಾಗುತ್ತೆ ಅಂತಾರೆ. ಮೂರು ವರ್ಷದ ಹಿಂದೆ ಒಂದು ಸಂಜೆ ಕೋಲೂರಿಕೊಂಡು ಮೇಲೆ ಬಂದವರು, "ಆ ಮೂರನೇ ಮೆಟ್ಟಿಲು ಹಣ್ಣಾಗಿದೆ ಕಣಮ್ಮಾ" ಅಂದರು. ನಾನು ನಕ್ಕಿದ್ದೆ. ಅಷ್ಟೇ ಅಲ್ಲ, ಮನೆಗೆ ಬಂದವರಿಗೆಲ್ಲ ಅದನ್ನು ಜೋಕಾಗಿ ಹೇಳಿ ನಗಿಸಿದ್ದೆ. ಮಂಗಳವಾರದಿಂದ ಆ ನಗು ನನ್ನ ಕಿವಿಯಲ್ಲೇ ಕೂತಿದೆ.

ಮೆಟ್ಟಿಲು ಕಟ್ಟಿಸಿದ್ದು 2009ರಲ್ಲಿ, ಮನೆಯ ಜೊತೆಗೇ. ಕೊಡಗಿನ ಸುಂಟಿಕೊಪ್ಪದ ಈ ಕಡೆ ಸಪಾಟು ಜಾಗ ಎಲ್ಲಿದೆ? ಅಂಗಳದಿಂದ ಜಗಲಿಗೆ ನಾಲ್ಕೂವರೆ ಅಡಿ ಎತ್ತರ. ಅಷ್ಟನ್ನು ಏಳೇ ಮೆಟ್ಟಿಲಲ್ಲಿ ಮುಗಿಸಿದ್ದ ಆಗಿನ ಕಂಟ್ರಾಕ್ಟರ್. ಅಂದರೆ ಒಂದೊಂದೂ ಏಳೂಮುಕ್ಕಾಲು ಇಂಚಿನಷ್ಟು. ಮೊಣಕಾಲು ನೋವಿರುವವರನ್ನು ಕೇಳಿ ನೋಡಿ, ಆರಿಂಚಿಗಿಂತ ಆ ಒಂದೂಮುಕ್ಕಾಲು ಇಂಚು ಜಾಸ್ತಿ ಅಂದರೆ ಏನು ಅಂತ. ಪಾಯ ತೋಡಿದ ಮಣ್ಣನ್ನೇ ಸುರಿದು, ದಮ್ಮಸು ಹೊಡೆಯದೆ, ಮೇಲೆ ಕಂಬಿ ಇಟ್ಟು ಕಾಂಕ್ರೀಟ್ ಎಳೆದು ಹೋಗಿದ್ದ. ಬಹಳ ನಯವಾಗಿ ಮಾತಾಡುವ ಮನುಷ್ಯ. ಮೆಟ್ಟಿಲನ್ನೂ ಅಷ್ಟೇ ನಯ ಮಾಡಿದ್ದ. ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಎಣ್ಣೆ ಸವರಿದ ಹಾಗೆ.

ಬಿರುಕು ಮೊದಲು ಕಂಡಿದ್ದು 2018ರ ಆಗಸ್ಟ್‌ನಲ್ಲಿ. ಗುಡ್ಡಗುಡ್ಡಗಳೇ ಜಾರಿ, ಊರಿಗೆ ಊರೇ ಪರಿಹಾರ ಕೇಂದ್ರ ಸೇರಿದ್ದ ತಿಂಗಳಲ್ಲಿ ಮೆಟ್ಟಿಲಿನ ಬಿರುಕು ಯಾವ ಲೆಕ್ಕ? ಅದೇ ವರ್ಷ ಬೇಸಿಗೆಯಲ್ಲಿ ಕಾರಿಗೆ ಅಂತ ಶೀಟ್ ಮಾಡು ಇಳಿಸಿದ್ದೆವು. ಅದರ ನೀರೆಲ್ಲ ಮೆಟ್ಟಿಲ ಮಗ್ಗುಲಿಗೇ ಧಾರೆಯಾಗಿ ಬೀಳುತ್ತಿತ್ತು. ಅಲ್ಲೊಂದು ತೂತಿತ್ತು, ಇಲಿ ಬಿಲ ಅಂದುಕೊಂಡಿದ್ದೆವು. ಮಳೆಗಾಲ ಮಳೆಗಾಲವೂ ನೀರು ಆ ತೂತಲ್ಲಿ ಹೊಕ್ಕು ಒಳಗಿನ ಸಡಿಲ ಮಣ್ಣನ್ನು ಕೆಳಗಿನ ಚರಂಡಿಗೆ ಸಾಗಿಸಿದೆ.

ಆಮೇಲೆ ನಮ್ಮ ಮನೆಯವರ ರಿಪೇರಿ. ಮೂರು ವರ್ಷ, ಪ್ರತಿ ಏಪ್ರಿಲ್‌ನಲ್ಲಿ ಅರ್ಧ ಚೀಲ ಸಿಮೆಂಟ್ ಕಲಸಿ ಬಿರುಕಿನ ಮೇಲೆ ಬಳಿಯುತ್ತಿದ್ದರು. ಹಳೇ ಮೈ ಕೆತ್ತಲಿಲ್ಲ, ಪಾಚಿ ಉಜ್ಜಲಿಲ್ಲ, ಸಿಮೆಂಟ್ ಹಾಲು ಹಾಕಲಿಲ್ಲ. ಜುಲೈ ಆಗಸ್ಟಿನ ಕಕ್ಕಡದ ಮಳೆ ಹೊತ್ತಿಗೆ ಅದು ಕಾವಲಿ ಮೇಲಿನ ಅಕ್ಕಿರೊಟ್ಟಿಯ ಹಾಗೆ ಉಬ್ಬಿ ಎದ್ದು ಬರುತ್ತಿತ್ತು. "ಈಗಿನ ಸಿಮೆಂಟೇ ಸರಿಯಿಲ್ಲ" ಅನ್ನೋರು. ಒಳ್ಳೆ ಮನುಷ್ಯ, ಆದರೆ ಕೈಯಲ್ಲಿ ಕರಣೆ ಇದ್ದರೆ ಯಾರ ಮಾತೂ ಕೇಳಲ್ಲ.

ಮಂಗಳವಾರ ಮೇಸ್ತ್ರಿ ಒಡೆಯುವ ಮೊದಲೇ ಸುತ್ತಿಗೆಯ ಹಿಂಬದಿಯಿಂದ ಪ್ರತಿ ಮೆಟ್ಟಿಲನ್ನೂ ತಟ್ಟುತ್ತಾ ಬಂದಿದ್ದರು. ಮೇಲಿನೆರಡು ಟಣ್ ಟಣ್. ನಡುವಿನವು ಡಬ್ ಡಬ್. "ಪೊಳ್ಳು" ಅಂದರು. ಒಂದೇ ಸಲ ಅಂದಿದ್ದು. ನಮ್ಮ ಮನೆಯವರು ತಕ್ಷಣ, "ಹಾಗಾದ್ರೆ ಪೂರ್ತಿ ಒಡೆದುಬಿಡಿ" ಅಂದರು. ಅತ್ತೆ ಮೂರು ವರ್ಷ ಹೇಳಿದ್ದೂ ಇದೇ ಅಲ್ವಾ? ಅವರ ಕೈಯಲ್ಲಿ ಸುತ್ತಿಗೆ ಇರಲಿಲ್ಲ, ಕೋಲಿತ್ತು. ನನಗೂ ಇನ್ನೊಂದಿಪ್ಪತ್ತು ವರ್ಷಕ್ಕೆ ಕಿವಿ ಮಂದವಾಗುತ್ತದೆ. ಆಗ ನಾನು ಹೇಳಿದ್ದನ್ನು ನನ್ನ ಸೊಸೆ ಯಾರ್ಯಾರಿಗೆ ಜೋಕು ಮಾಡಿ ಹೇಳುತ್ತಾಳೋ.

ರಾತ್ರಿ ನಿದ್ದೆ ಬರದೆ ಇನ್ನೊಂದು ನೆನಪಾಯಿತು. 2018ರಲ್ಲಿ ಗುಡ್ಡ ಜಾರುವ ಮೊದಲು ಭೂಮಿಯೊಳಗಿಂದ ಸದ್ದು ಬರ್ತಿತ್ತು ಅಂತ ಹೇಳಿದವರು ಎಷ್ಟೋ ಜನ. ಆಗ ನಾವು, ಗುಡುಗಿರಬೇಕು, ಹೆದರಿದವರಿಗೆ ಎಲ್ಲ ಕೇಳಿಸುತ್ತೆ ಅಂತ ಮಾತಾಡಿಕೊಂಡಿದ್ದೆವು. ಯಾವ ಸದ್ದು ಯಾವುದರದ್ದು ಅಂತ ನನಗೆ ಈಗಲೂ ಹೇಳೋಕೆ ಬರಲ್ಲ. ಆದರೆ ಆ ಜನರ ಹತ್ತಿರ ಕೂತು ಪೂರ್ತಿ ಕೇಳಿಸಿಕೊಳ್ಳಲಿಲ್ಲ ಅನ್ನೋದು ಮಾತ್ರ ಚೆನ್ನಾಗಿ ನೆನಪಿದೆ.

ಬುಧವಾರ ಬರೀ ತುಂಬುವ ಕೆಲಸ. ಬೋಲ್ಡರ್ ಕಲ್ಲು ಜೋಡಿಸಿ, ಸಂದಿಗೆ ಜೆಲ್ಲಿ ಸುರಿದು, ಅರ್ಧರ್ಧ ಅಡಿ ಮಣ್ಣು ಹಾಕಿ, ನೀರು ಬಿಟ್ಟು, ದಮ್ಮಸು. ಇಡೀ ದಿನ ಮನೆ ಧಡ್ ಧಡ್ ಅಂತಿತ್ತು. ಹಳೇ ಕಂಬಿ ಬೆರಳಲ್ಲಿ ಉಜ್ಜಿದರೆ ಚಕ್ಕೆ ಚಕ್ಕೆ. ತುಕ್ಕು ಹಿಡಿದ ಕಂಬಿ ಊದಿಕೊಳ್ಳುತ್ತೆ, ಊದಿದಾಗ ಕಾಂಕ್ರೀಟನ್ನ ಒಳಗಿಂದಲೇ ಸೀಳುತ್ತೆ ಅಂದರು ಮೇಸ್ತ್ರಿ. ಹೊಸ ಕಂಬಿಯನ್ನು ಸುಮ್ನೆ ಮಣ್ಣ ಮೇಲೆ ಮಲಗಿಸಲಿಲ್ಲ, ಕೆಳಗೆ ಕವರ್ ಬ್ಲಾಕ್ ಅನ್ನೋ ಪುಟ್ಟ ಬಿಲ್ಲೆ ಕೊಟ್ಟು ಎತ್ತಿ ಇಟ್ಟರು.

ಶುಕ್ರವಾರ ಕಾಂಕ್ರೀಟ್. ಸಿಮೆಂಟ್ ಒಂದು ಪಾಲು, ಎಂ ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಒಂದೂವರೆ, 20 ಎಂಎಂ ಜೆಲ್ಲಿ ಮೂರು. ಅಸ್ಸಾಂನ ಇಬ್ಬರು ಹುಡುಗರು ಕಲಸುತ್ತಿದ್ದರು. ನೀರು ಜಾಸ್ತಿ ಸುರಿದರೆ ಕಲಸೋಕೆ ಸುಲಭ, ಆದರೆ ಕಾಂಕ್ರೀಟ್ ಗಟ್ಟಿ ಬರಲ್ಲ. ಅವರ ಕೈ ಬಕೆಟ್ ಕಡೆ ಹೋದಾಗಲೆಲ್ಲ ಮೇಸ್ತ್ರಿ ಮಲಯಾಳ, ಹಿಂದಿ, ಕನ್ನಡ ಮೂರರಲ್ಲೂ ಬೈದರು. ಈಗ ಮೆಟ್ಟಿಲು ಒಂಬತ್ತು. ಎತ್ತರ ಆರೇ ಇಂಚು, ಕಾಲಿಡೋಕೆ ಒಂದಡಿ ಅಗಲ. ಅಂಗಳದೊಳಕ್ಕೆ ಮೂರಡಿ ಮುಂದೆ ಬಂದು ನನ್ನ ಆಂಥೂರಿಯಂ ಕುಂಡಗಳೆಲ್ಲ ಜಾಗ ಕಳೆದುಕೊಂಡವು. ನೀರು ನಿಲ್ಲಬಾರದು ಅಂತ ಪ್ರತಿ ಮೆಟ್ಟಿಲೂ ಮುಂದಕ್ಕೆ ಕಾಲಿಂಚು ವಾಟ. ಮೇಲ್ಮೈ ಸ್ವಲ್ಪ ಬಿಗಿದ ಮೇಲೆ ಕಡ್ಡಿ ಪೊರಕೆಯಿಂದ ಅಡ್ಡಡ್ಡ ಗೀರು ಎಳೆದರು, ಕಾಲು ಜಾರಬಾರದಲ್ಲ. ಶೀಟಿನ ನೀರಿಗೂ ಪೈಪು ಹಾಕಿಸಿ ದೂರದ ಚರಂಡಿಗೆ ಬಿಟ್ಟಿದ್ದೇವೆ.

ಮೂರು ಗಂಟೆಗೆ ಕೋಟೆಬೆಟ್ಟದ ಕಡೆಯಿಂದ ಮೋಡ ಕಪ್ಪಾಗಿ ಎದ್ದಿತು. ಮೇ ತಿಂಗಳ ಮಳೆಗೆ ಹೇಳಿ ಕೇಳಿ ಬರುವ ಅಭ್ಯಾಸ ಇಲ್ಲ. ಕಾಫಿ ಒಣಗಿಸುವ ಟಾರ್ಪಾಲ್ ತಂದು ಎಲ್ಲರೂ ಸೇರಿ ಮೆಟ್ಟಿಲಿಗೆ ಹೊದಿಸಿದೆವು. ಅತ್ತೆ ಜಗಲಿಯಿಂದಲೇ ಕೋಲು ತೋರಿಸುತ್ತಾ "ಆ ಮೂಲೆ, ಆ ಮೂಲೆ" ಅಂತಿದ್ದರು. ಈ ಸಲ ಆ ಮೂಲೆಗೆ ಮೊದಲು ಓಡಿದ್ದು ಅವರ ಮಗ.

ಇವತ್ತು ಭಾನುವಾರ. ಸ್ಟೋರಿನಲ್ಲಿದ್ದ ಹಳೇ ಕಾಫಿ ಗೋಣಿಗಳನ್ನೆಲ್ಲ ಮೆಟ್ಟಿಲ ಮೇಲೆ ಹಾಸಿ ನೆನೆಸುತ್ತಿದ್ದೇವೆ. ನಾವು ಹಾಕಿದ ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆತ ಸಿಮೆಂಟಿಗೆ ಕಡಿಮೆ ಅಂದರೂ 10 ದಿನ ಹೀಗೆ ನೆನೆಸಿಡೋ ಕ್ಯೂರಿಂಗ್ ಬೇಕಂತೆ. ಅಲ್ಲಿಯವರೆಗೆ ಎಲ್ಲರೂ ಅಡುಗೆಮನೆ ಬಾಗಿಲಿಂದಲೇ ಓಡಾಡಬೇಕು.

ಬೆಳಗ್ಗೆ ಕಾಫಿ ಕುಡಿದು ಅತ್ತೆ ಜಗಲಿಯ ಅಂಚಿಗೆ ಬಂದರು. ಬಗ್ಗಿ, ಒದ್ದೆ ಗೋಣಿಯ ಮೇಲೆ ಕೋಲಿನಿಂದ ಎರಡು ಸಲ ಕುಟ್ಟಿದರು. ನಮ್ಮ ಮನೆಯವರು ಕೈಯಲ್ಲಿದ್ದ ನೀರಿನ ಪೈಪು ಹಾಗೇ ಹಿಡಿದುಕೊಂಡು, ಬಲಗಿವಿಯ ಹತ್ತಿರ ಹೋಗಿ ಜೋರಾಗಿ ಕೇಳಿದರು, "ಹೇಗಿದೆಯಮ್ಮಾ?"

"ಗೋಣಿ ತೆಗೀಲಿ, ಆಮೇಲೆ ಹೇಳ್ತೀನಿ" ಅಂದರು ಅತ್ತೆ.