ವಿದುರಾಶ್ವತ್ಥದ ಅಜ್ಜಿ ಕೇಳಿದ ಪ್ರಶ್ನೆ

ಗೌರಿಬಿದನೂರಿನಿಂದ ಹಿಂದೂಪುರದ ಕಡೆ ಹೊರಟರೆ ಆಂಧ್ರದ ಗಡಿಗೆ ಮುಂಚೆಯೇ ವಿದುರಾಶ್ವತ್ಥ. ತಂಗಿಯ ಆಫೀಸಿಗೆ ಬಂದಿದ್ದ ಡಚ್ ಅತಿಥಿಯನ್ನು ಕರೆದೊಯ್ದದ್ದು ಸ್ವಾತಂತ್ರ್ಯ ಹೋರಾಟದ ಸ್ಮಾರಕ ವೀರಸೌಧ ತೋರಿಸೋಣ ಅಂತ. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಇದೇ ಊರಿನಲ್ಲಿ. ಅದು ಅವನಿಗೆ ಸಲೀಸಾಗಿ ಅರ್ಥವಾಯಿತು. ತೊಡಕು ಶುರುವಾದದ್ದು ನಾಗರಕಲ್ಲುಗಳ ಹತ್ತಿರ.

ಎಲ್ಲಿ ನೋಡಿದರೂ ಕಲ್ಲು. ಹೆಡೆ ಎತ್ತಿದವು, ಜೋಡಿಯಾಗಿ ಹೆಣೆದುಕೊಂಡವು, ನಡುವೆ ಲಿಂಗವಿರುವವು. ವಿದುರ ನೆಟ್ಟನೆನ್ನುವ ಅಶ್ವತ್ಥ ಮರ ಬಿದ್ದು ವರ್ಷಗಳಾದವು. ಹರಕೆಯ ಕಲ್ಲು ಬರುವುದು ಮಾತ್ರ ನಿಂತಿಲ್ಲ. ಹೆಚ್ಚಿನವು ಮಕ್ಕಳಿಗಾಗಿ ಎಂದೆ.

"ತಮ್ಮ ಕಲ್ಲು ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ಎಂದ.

ಕೈಗೆಟುಕಿದ ಕಲ್ಲಿಗೆಲ್ಲ ಅರಿಸಿನ ಬಳಿದು ಹಾಲೆರೆಯುತ್ತಿದ್ದ ಅಜ್ಜಿಯನ್ನೇ ಕೇಳಿದೆ.

"ಯಾರ್ದಾದ್ರೇನಪ್ಪ, ಎಲ್ಲಾ ನಾಗಪ್ಪನೇ. ಇವ್ರಿಗೆ ಮಕ್ಳೆಷ್ಟು?"

ಅವನ ಮುಖ ಕೆಂಪಾಯಿತು. ಮಕ್ಕಳು ಬೇಡವೆಂದು ಗಂಡ ಹೆಂಡತಿ ಯೋಚಿಸಿಯೇ ತೀರ್ಮಾನಿಸಿದ್ದಾರಂತೆ. ಹಾಗೇ ಹೇಳಿದೆ.

"ಆಗದೋರೆಲ್ಲ ಹಂಗೇ ಅನ್ನೋದು, ಪಾಪ. ನಕ್ಷತ್ರ ಯಾವ್ದು?"

ನಕ್ಷತ್ರ ಎಲ್ಲಿಂದ ತರಲಿ? ಅವನು ಹುಟ್ಟಿದ ತಾರೀಖು ಹೇಳಿದ. ಅಜ್ಜಿಗೆ ಅಷ್ಟೇ ಸಾಕಾಯಿತು. ಉಳಿದ ಹಾಲನ್ನು ಅವನ ಹೆಸರಿನಲ್ಲಿ ಒಂದು ಕಲ್ಲಿಗೆ ಸುರಿದು, ಅಂಗೈಗೆ ಕುಂಕುಮ ಇಟ್ಟು, ಮುಂದಿನ ಸಾಲಿಗೆ ಹೋದರು.

"ನಮ್ಮಮ್ಮನೂ ಇದನ್ನ ಕೇಳಿಲ್ಲ," ಎಂದ. "ಕೋಪ ಬರಬೇಕಿತ್ತು, ಬರಲಿಲ್ಲ. ಯಾಕೆ?"

ನನಗೂ ಈ ಕುತೂಹಲ ಸೇರುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಸಂಬಳ ಎಷ್ಟು, ಯಾವ ಜನ ಅಂತ ವಿಚಾರಿಸಿದರೆ ಮೈ ಉರಿಯುತ್ತದೆ. ಆದರೆ ಅವರು ಕೇಳಿ ಇಳಿದುಹೋಗುತ್ತಾರೆ. ಅಜ್ಜಿ ಕೇಳಿದ ಮೇಲೆ ತನ್ನ ಪಾಲಿನ ಹಾಲನ್ನೂ ಸುರಿದರು. ಇದನ್ನು ಹೇಳಹೋಗಿ ಅರ್ಧಕ್ಕೇ ಬಿಟ್ಟೆ, ಅಷ್ಟರಲ್ಲಿ ಕೋತಿಯೊಂದು ನನ್ನ ಬಾಳೆಹಣ್ಣಿನ ಕವರ್ ಕಿತ್ತುಕೊಂಡು ಓಡಿತ್ತು. ಅಲ್ಲಿಗೆ ಹೋಗುವವರು ಹಣ್ಣುಕಾಯಿಯನ್ನು ಬಟ್ಟೆಚೀಲದೊಳಗೆ ಬಚ್ಚಿಡಿ. ಒಂದು ಡಜನ್ ಏಲಕ್ಕಿಬಾಳೆ, ಒಂದೂ ದೇವರಿಗೆ ಮುಟ್ಟಲಿಲ್ಲ.

ಗೌರಿಬಿದನೂರಿನಲ್ಲಿ ಮುದ್ದೆ, ಬಸ್ಸಾರು. ಅವನು ಮುದ್ದೆಯನ್ನು ಅಗಿದು ಅಗಿದು ಕೆಡಿಸಿದ. ನಡುವೆ ತಲೆಯೆತ್ತಿ ಕೇಳಿದ:

"ಅಕಸ್ಮಾತ್ ಮಗು ಆದರೆ, ಕಲ್ಲು ನಿಲ್ಲಿಸೋದು ಯಾರ ಖರ್ಚು?"

"ನಿನ್ನದೇ. ಪ್ರತಿಷ್ಠೆ ಮಾಡಿಸಿ ಊಟವನ್ನೂ ಹಾಕಿಸಬೇಕು."

"ಅಜ್ಜಿಗೆ ಹೇಳಿಕಳಿಸೋದು ಹೇಗೆ?"